ನಡುವಿನ ಕುರ್ಚಿ: ಅತಿಥಿಗಳ ಜೊತೆ ಸ್ಟೀರಿಯೊ ಕೇಳುವುದು ಹೇಗೆ?

ಮನೆಗೆ ಒಳ್ಳೆಯ ಸ್ಟೀರಿಯೊ ತಂದವರು ಕೆಲವೇ ದಿನಗಳಲ್ಲಿ ಒಂದು ಸಂಗತಿ ಗಮನಿಸುತ್ತಾರೆ. ಹಜಾರದಲ್ಲಿ ಐದಾರು ಜನ ಕೂರಲು ಜಾಗವಿದ್ದರೂ ಹಾಡು ಪೂರ್ತಿಯಾಗಿ ಅರಳುವುದು ಒಂದೇ ಒಂದು ಜಾಗದಲ್ಲಿ. ಎರಡೂ ಸ್ಪೀಕರುಗಳಿಗೆ ಸಮದೂರದಲ್ಲಿರುವ ಆ ಜಾಗದಲ್ಲಿ ಕೂತರೆ ಗಾಯಕಿಯ ದನಿ ಸ್ಪೀಕರುಗಳಿಂದ ಬಿಡಿಸಿಕೊಂಡು, ಅವೆರಡರ ನಡುವಿನ ಖಾಲಿ ಜಾಗದಿಂದ ಬರುತ್ತದೆ. ಒಂದು ಮೊಳ ಪಕ್ಕಕ್ಕೆ ಸರಿದರೆ ಸಾಕು, ಆ ದನಿಯೂ ಜಾರಿ ಹತ್ತಿರದ ಸ್ಪೀಕರಿಗೆ ಹೋಗಿ ಸೇರುತ್ತದೆ. ಹವ್ಯಾಸಿಗಳು ಈ ಜಾಗಕ್ಕೆ ‘ಸ್ವೀಟ್ ಸ್ಪಾಟ್’ ಎನ್ನುತ್ತಾರೆ. ಇಲ್ಲಿ ನಾವು ಅದನ್ನು ನಡುವಿನ ಕುರ್ಚಿ ಎಂದು ಕರೆಯೋಣ.

ಒಬ್ಬರೇ ಕೇಳುವಾಗ ಇದರಿಂದ ತೊಂದರೆಯಿಲ್ಲ. ಭಾನುವಾರ ಸಂಜೆ ನಾಲ್ಕು ಜನ ಸ್ನೇಹಿತರು ಬಂದಾಗ ಪ್ರಶ್ನೆ ಏಳುತ್ತದೆ. ಆ ಕುರ್ಚಿ ಯಾರಿಗೆ? ಉಳಿದವರಿಗೆ ಏನು ಕೇಳುತ್ತದೆ? ಎಲ್ಲರಿಗೂ ಸಮನಾಗಿ ಹಂಚಲು ಸಾಧ್ಯವೇ? ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ: ಆ ಜಾಗವನ್ನು ಅಗಲಿಸಲು ಸ್ವಲ್ಪ ಮಟ್ಟಿಗೆ ಮಾತ್ರ ಆಗುತ್ತದೆ. ಹಾಗಾಗಿ ಅದನ್ನು ಇಬ್ಬರು ಮೂವರ ನಡುವೆ ಪಾಲು ಮಾಡುವುದಕ್ಕಿಂತ ಒಬ್ಬರಾದ ಮೇಲೆ ಒಬ್ಬರಿಗೆ ಪೂರ್ತಿಯಾಗಿ ಕೊಡುವುದು ಒಳ್ಳೆಯದು. ಉಳಿದ ಕುರ್ಚಿಗಳನ್ನು ಆದಷ್ಟು ಚೆನ್ನಾಗಿಸುವುದು ಆತಿಥೇಯರ ಕೆಲಸ. ಕಾರಣ ತಿಳಿದುಕೊಂಡರೆ ಎರಡೂ ಸುಲಭ.

ಒಂದೇ ಕುರ್ಚಿ ಏಕೆ?

ಮೊದಲು ಒಂದು ಚಿಕ್ಕ ಪ್ರಯೋಗ ಮಾಡಿ. ಒಬ್ಬರೇ ಹಾಡಿರುವ ಹಾಡೊಂದನ್ನು ಹಾಕಿ, ನಡುವೆ ಕೂತು ಕಣ್ಣು ಮುಚ್ಚಿ. ದನಿ ಎಲ್ಲಿಂದ ಬರುತ್ತಿದೆಯೋ ಅಲ್ಲಿಗೆ ಬೆರಳು ತೋರಿಸಿ. ಹಾಗೇ ತೋರಿಸುತ್ತಾ ನಿಧಾನವಾಗಿ ಎಡಕ್ಕೆ ಸರಿಯಿರಿ. ನಿಮ್ಮ ಬೆರಳೂ ಎಡಕ್ಕೆ ಹೋಗುತ್ತದೆ. ಅರ್ಧ ಮೀಟರ್ ಸರಿಯುವ ಹೊತ್ತಿಗೆ ಅದು ಎಡ ಸ್ಪೀಕರನ್ನೇ ತೋರಿಸುತ್ತಿರುತ್ತದೆ. ಬಲ ಸ್ಪೀಕರ್ ಮೊದಲಿನಷ್ಟೇ ಜೋರಾಗಿ ನುಡಿಯುತ್ತಿದ್ದರೂ ದನಿ ಅಲ್ಲಿಂದ ಬರುತ್ತಿದೆ ಎಂದು ಅನ್ನಿಸುವುದಿಲ್ಲ.

ಹಾಡುಗಾರರ ದನಿಯನ್ನು ಮುದ್ರಿಸುವವರು ಸಾಮಾನ್ಯವಾಗಿ ಎರಡೂ ಸ್ಪೀಕರುಗಳಿಗೆ ಅದನ್ನು ಸಮನಾಗಿ ಹಂಚಿರುತ್ತಾರೆ. ಎರಡೂ ಕಡೆಯಿಂದ ಒಂದೇ ದನಿ, ಒಂದೇ ಗಳಿಗೆಯಲ್ಲಿ, ಒಂದೇ ಮಟ್ಟದಲ್ಲಿ ಬಂದಾಗ ಮಿದುಳು ಅದನ್ನು ಎರಡು ದನಿ ಎಂದು ಎಣಿಸುವುದಿಲ್ಲ. ನಡುವೆ ಒಬ್ಬರು ಹಾಡುತ್ತಿದ್ದಾರೆ ಎಂದು ತೀರ್ಮಾನಿಸುತ್ತದೆ. ಅಲ್ಲಿ ಸ್ಪೀಕರೂ ಇಲ್ಲ, ಹಾಡುಗಾರರೂ ಇಲ್ಲ. ಇದ್ದಾರೆ ಎಂದು ನಂಬಿಸುವ ಈ ಶಕ್ತಿಯೇ ಸ್ಟೀರಿಯೊದ ಸೊಗಸು.

ಈ ನಂಬಿಕೆ ನಿಂತಿರುವುದು ತೀರಾ ಸೂಕ್ಷ್ಮವಾದ ಸಮಯದ ಲೆಕ್ಕದ ಮೇಲೆ. ನಮ್ಮ ಕೋಣೆಗಳ ಉಷ್ಣತೆಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಚಲಿಸುತ್ತದೆ. ಅಂದರೆ ಒಂದು ಮಿಲಿಸೆಕೆಂಡಿನಲ್ಲಿ, ಸೆಕೆಂಡಿನ ಸಾವಿರದಲ್ಲಿ ಒಂದು ಭಾಗದಲ್ಲಿ, ಸುಮಾರು 34 ಸೆಂಟಿಮೀಟರ್. ಒಂದೇ ದನಿ ಒಂದು ಕಡೆಯಿಂದ ಒಂದು ಮಿಲಿಸೆಕೆಂಡಿನಷ್ಟು ಮೊದಲು ಬಂದರೂ ಕೇಳುವವರಿಗೆ ಅದು ಹೆಚ್ಚುಕಡಿಮೆ ಪೂರ್ತಿ ಆ ಕಡೆಯದೇ ಎನ್ನಿಸುತ್ತದೆ. ಮೊದಲು ಮುಟ್ಟಿದ ಅಲೆಯ ದಿಕ್ಕನ್ನು ಕಿವಿ ನಂಬುತ್ತದೆ, ಹಿಂದೆ ಬಂದದ್ದನ್ನು ಅದರೊಳಗೆ ಸೇರಿಸಿಕೊಳ್ಳುತ್ತದೆ. 1940ರ ದಶಕದ ಕೊನೆಯಲ್ಲಿ ಜರ್ಮನಿಯ ಹೆಲ್ಮುಟ್ ಹಾಸ್ ಇದನ್ನು ಅಳತೆ ಮಾಡಿ ವಿವರಿಸಿದರು. ಹಾಗಾಗಿ ಧ್ವನಿ ತಂತ್ರಜ್ಞರು ಇದನ್ನು ಹಾಸ್ ಪರಿಣಾಮ ಎನ್ನುತ್ತಾರೆ.

ಈಗ ನಮ್ಮ ಹಜಾರಕ್ಕೆ ಬರೋಣ. ಸ್ಪೀಕರುಗಳ ನಡುವೆ 2 ಮೀಟರ್ ಅಂತರವಿದೆ, ನೀವು ಎರಡರಿಂದಲೂ 2 ಮೀಟರ್ ದೂರದಲ್ಲಿ ಕೂತಿದ್ದೀರಿ ಎಂದುಕೊಳ್ಳಿ. ಸೋಫಾದ ಮೇಲೆ ನಿಮ್ಮ ಪಕ್ಕದಲ್ಲಿ ಅರ್ಧ ಮೀಟರ್ ಆಚೆ ಕೂತವರಿಂದ ಹತ್ತಿರದ ಸ್ಪೀಕರ್ ಸುಮಾರು 1.8 ಮೀಟರ್ ದೂರ, ಆಚೆಯದು ಸುಮಾರು 2.3 ಮೀಟರ್. ವ್ಯತ್ಯಾಸ ಅರ್ಧ ಮೀಟರಿಗೆ ಹತ್ತಿರ, ಸಮಯದಲ್ಲಿ ಸುಮಾರು 1.4 ಮಿಲಿಸೆಕೆಂಡ್. ಒಂದೇ ಸೋಫಾದಲ್ಲಿ ಭುಜಕ್ಕೆ ಭುಜ ತಾಗಿಸಿ ಕೂತರೂ ನಿಮಗೆ ಗಾಯಕಿ ನಡುವೆ ಇರುತ್ತಾಳೆ, ಅವರಿಗೆ ಒಂದು ಮೂಲೆಯಲ್ಲಿ.

ಹಾಗಿದ್ದರೆ ಇಬ್ಬರೂ ನಡುಗೆರೆಯ ಆಚೀಚೆ ಸಮನಾಗಿ ಕೂರಬಹುದಲ್ಲ ಎಂದು ನೀವು ಕೇಳಬಹುದು. ಕೂರಬಹುದು. ಆಗ ಇಬ್ಬರಿಗೂ ಸುಮಾರು 0.7 ಮಿಲಿಸೆಕೆಂಡ್ ವ್ಯತ್ಯಾಸ ಬರುತ್ತದೆ. ಎಡಗಡೆಯವರಿಗೆ ದನಿ ಎಡಕ್ಕೆ ವಾಲುತ್ತದೆ, ಬಲಗಡೆಯವರಿಗೆ ಬಲಕ್ಕೆ. ಒಳ್ಳೆಯ ಜಾಗ ಇಬ್ಬರಿಗೂ ಸಿಗಲಿಲ್ಲ. ಸರದಿಯ ಮಾತನ್ನು ನಾನು ಮೊದಲೇ ಎತ್ತಿದ್ದು ಇದಕ್ಕೇ.

ಎರಡೇ ಸ್ಪೀಕರ್ ಏಕೆ ಬಂದವು?

ಬ್ರಿಟನ್ನಿನ ಇಎಂಐ ಕಂಪನಿಯ ಎಂಜಿನಿಯರ್ ಅಲನ್ ಬ್ಲಮ್‌ಲೈನ್ ಎರಡು ವಾಹಿನಿಗಳ ಧ್ವನಿಮುದ್ರಣಕ್ಕೆ ಪೇಟೆಂಟ್ ಅರ್ಜಿ ಹಾಕಿದ್ದು 1931ರ ಡಿಸೆಂಬರಿನಲ್ಲಿ. ಅದೇ ಕಾಲದಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಹಾರ್ವಿ ಫ್ಲೆಚರ್ ಮತ್ತು ಸಂಗಡಿಗರು ಬೇರೆ ದಾರಿ ಹಿಡಿದಿದ್ದರು. 1933ರ ಏಪ್ರಿಲ್ 27ರಂದು ಫಿಲಡೆಲ್ಫಿಯಾದಲ್ಲಿ ನುಡಿಸಿದ ವಾದ್ಯವೃಂದವನ್ನು ಅವರು ವಾಷಿಂಗ್ಟನ್ನಿನ ಕಾನ್‌ಸ್ಟಿಟ್ಯೂಷನ್ ಹಾಲಿನ ಶ್ರೋತೃಗಳಿಗೆ ತಂತಿಯ ಮೂಲಕ ಕೇಳಿಸಿದರು. ಆ ವೇದಿಕೆಯ ಮೇಲೆ ಇದ್ದದ್ದು ಎರಡಲ್ಲ, ಮೂರು ವಾಹಿನಿಗಳ ಧ್ವನಿವರ್ಧಕಗಳು: ಎಡ, ನಡು, ಬಲ. ದೊಡ್ಡ ಸಭಾಂಗಣದಲ್ಲಿ ಜನ ಎಲ್ಲೆಲ್ಲೋ ಕೂತಿರುತ್ತಾರೆ. ನಡುವೆ ನಿಜವಾಗಿ ಒಂದು ಧ್ವನಿವರ್ಧಕ ಇದ್ದರೆ ಪಕ್ಕದಲ್ಲಿ ಕೂತವರಿಗೂ ನಡುವಿನ ದನಿ ನಡುವಿನಿಂದಲೇ ಬರುತ್ತದೆ.

ಮನೆಗೆ ಬಂದದ್ದು ಮಾತ್ರ ಎರಡು. 1958ರಲ್ಲಿ ಸ್ಟೀರಿಯೊ ಎಲ್‌ಪಿ ತಟ್ಟೆಗಳು ಮಾರುಕಟ್ಟೆಗೆ ಬಂದಾಗ ತಟ್ಟೆಯ ಗೀರಿನ ಎರಡು ಗೋಡೆಗಳಲ್ಲಿ ಎರಡು ವಾಹಿನಿಗಳನ್ನು ಕೊರೆಯಲಾಗಿತ್ತು. ಮೂರನೆಯದಕ್ಕೆ ಅಲ್ಲಿ ಗೋಡೆಯೇ ಇಲ್ಲ. ಸಿನಿಮಾ ಮಂದಿರದಲ್ಲಿ ಇಂದಿಗೂ ಪರದೆಯ ಹಿಂದೆ ನಡುವೆ ಒಂದು ಸ್ಪೀಕರ್ ಇರುತ್ತದೆ, ಸಂಭಾಷಣೆ ಅದರಿಂದಲೇ ಬರುತ್ತದೆ. ಗೋಡೆ ಬದಿಯ ಸೀಟಿನಲ್ಲಿ ಕೂತವರಿಗೂ ಮಾತು ಪರದೆಯ ಮೇಲಿನ ನಟನ ಬಾಯಿಂದಲೇ ಬಂದಂತೆ ಕೇಳುವುದು ಹಾಗೆ. ನಿಮ್ಮ ಮನೆಯ ಸ್ಟೀರಿಯೊದಲ್ಲಿ ಒಂದೇ ಜಾಗ ಚೆನ್ನಾಗಿ ಕೇಳುವುದಕ್ಕೆ ನಿಮ್ಮ ಸ್ಪೀಕರಿನ ದೋಷ ಕಾರಣವಲ್ಲ, ಎರಡು ವಾಹಿನಿಗಳ ಕ್ರಮವೇ ಹಾಗೆ. ಇನ್ನೂ ದುಬಾರಿ ಸ್ಪೀಕರ್ ತಂದರೂ ಈ ಲೆಕ್ಕ ಬದಲಾಗುವುದಿಲ್ಲ.

ಮೊದಲು ಕುರ್ಚಿಯನ್ನು ಸರಿಯಾಗಿ ಇಡಿ

ಅತಿಥಿಗಳಿಗೆ ಕೊಡುವ ಮೊದಲು ಆ ಜಾಗ ನಿಜಕ್ಕೂ ನಡುವೆ ಇದೆಯೇ ನೋಡಿ. ಒಂದು ಅಳತೆ ಟೇಪ್ ಸಾಕು. ಎರಡು ಸ್ಪೀಕರುಗಳ ನಡುವಿನ ಅಂತರ ಎಷ್ಟಿದೆಯೋ, ಪ್ರತಿಯೊಂದರಿಂದ ಕುರ್ಚಿಗೆ ಅಷ್ಟೇ ದೂರ ಇರಲಿ. ಮೂರೂ ಬದಿ ಸಮನಾಗಿರುವ ತ್ರಿಕೋನ ಇದು. ಟೇಪನ್ನು ಹಿಡಿಯಬೇಕಾದದ್ದು ಕೂತವರ ಕಿವಿ ಇರುವ ಜಾಗಕ್ಕೆ, ಕುರ್ಚಿಯ ಕಾಲಿಗಲ್ಲ. ಎರಡು ಕಡೆಯ ಅಳತೆಗಳ ನಡುವೆ ಎರಡು ಮೂರು ಸೆಂಟಿಮೀಟರಿಗಿಂತ ಹೆಚ್ಚು ವ್ಯತ್ಯಾಸ ಇರದಂತೆ ನೋಡಿಕೊಳ್ಳಿ.

ಎತ್ತರವೂ ಮುಖ್ಯ. ಸ್ಪೀಕರಿನಲ್ಲಿ ಚಿಕ್ಕದಾಗಿ, ಸಾಮಾನ್ಯವಾಗಿ ಮೇಲುಗಡೆ ಇರುವ ಭಾಗ ಟ್ವೀಟರ್. ತಾರ ಸ್ಥಾಯಿಯ ಸೂಕ್ಷ್ಮಗಳು, ಪಿಟೀಲಿನ ಕಮಾನಿನ ಸ್ಪರ್ಶ, ತಾಳದ ಕಿಣಿಕಿಣಿ ಎಲ್ಲ ಬರುವುದು ಅದರಿಂದ. ಅದು ಕಿವಿಯ ಮಟ್ಟದಲ್ಲಿರಬೇಕು. ಸೋಫಾದಲ್ಲಿ ಕೂತವರ ಕಿವಿ ನೆಲದಿಂದ ಸುಮಾರು ಒಂದು ಮೀಟರ್ ಎತ್ತರದಲ್ಲಿರುತ್ತದೆ, ಚಾಪೆಯ ಮೇಲೆ ಚಕ್ಕಂಬಕ್ಕಳ ಹಾಕಿ ಕೂತವರದ್ದು ಮುಕ್ಕಾಲು ಮೀಟರ್ ಆಸುಪಾಸು. ಕಚೇರಿ ಕೇಳುವ ಹಾಗೆ ಎಲ್ಲರೂ ನೆಲದ ಮೇಲೆ ಕೂರುವ ಮನೆಯಾದರೆ ಸ್ಪೀಕರಿನ ಹಿಂಭಾಗವನ್ನು ಸ್ವಲ್ಪ ಎತ್ತರಿಸಿ ಮುಖ ಕೆಳಕ್ಕೆ ವಾಲಿಸಿ, ಉರುಳದಂತೆ ಭದ್ರಪಡಿಸಿ.

ಕುರ್ಚಿಯ ಬೆನ್ನು ಕಿವಿಗಿಂತ ಕೆಳಗೆ ಇರಲಿ. ಎತ್ತರದ ಬೆನ್ನಿನ ಕುರ್ಚಿ ಕಿವಿಯ ಹಿಂದಿನಿಂದ ಶಬ್ದವನ್ನು ಮರಳಿ ಎಸೆಯುತ್ತದೆ. ಹಿಂದಿನ ಗೋಡೆಗೆ ಕುರ್ಚಿಯನ್ನು ಒತ್ತಿಡಬೇಡಿ, ಅಲ್ಲಿ ಮಂದ್ರದ ಗುಂಯ್‌ಗುಡುವಿಕೆ ಹೆಚ್ಚು. ಕೋಣೆಯ ಉದ್ದದ ಸರಿಯಾದ ಅರ್ಧದಲ್ಲೂ ಬೇಡ. ಉದಾಹರಣೆಗೆ 4 ಮೀಟರ್ ಉದ್ದದ ಕೋಣೆಯಲ್ಲಿ ಸುಮಾರು 43 ಹರ್ಟ್ಸ್‌ನ ಮಂದ್ರ ಶಬ್ದ ಎರಡು ಗೋಡೆಗಳ ಬಳಿ ತುಂಬಿಕೊಂಡು ಕೋಣೆಯ ಮಧ್ಯದಲ್ಲಿ ಬರಿದಾಗುತ್ತದೆ. ಇವೆರಡರ ನಡುವೆ ಎಲ್ಲೋ ಒಂದು ಕಡೆ ಸಮತೋಲ ಸಿಗುತ್ತದೆ. ಕುರ್ಚಿಯನ್ನು ಒಂದೊಂದು ಗೇಣು ಹಿಂದೆ ಮುಂದೆ ಸರಿಸಿ ಕೇಳಿ ನೋಡಿ.

ಹಜಾರದ ಅಣಿ

ನಮ್ಮ ಮನೆಗಳ ನೆಲ ಟೈಲ್ಸ್ ಅಥವಾ ಗ್ರಾನೈಟ್, ಗೋಡೆ ಸಿಮೆಂಟ್ ಗಾರೆ. ಎಲ್ಲವೂ ಗಟ್ಟಿ, ಎಲ್ಲವೂ ಶಬ್ದವನ್ನು ಹಿಂದಕ್ಕೆ ಎಸೆಯುವಂಥವು. ಸ್ಪೀಕರಿನಿಂದ ನೇರ ಬಂದ ದನಿಯ ಹಿಂದೆಯೇ ಗೋಡೆಗೆ ಬಡಿದು ಬಂದ ದನಿಯೂ ಸೇರಿದರೆ ಯಾವ ಕುರ್ಚಿಯಲ್ಲೂ ಸ್ಪಷ್ಟತೆ ಇರುವುದಿಲ್ಲ. ಸ್ಪೀಕರಿಗೂ ಕೂರುವ ಜಾಗಕ್ಕೂ ನಡುವೆ ಒಂದು ದಪ್ಪ ಜಮಖಾನ ಹಾಸಿ. ನವಲಗುಂದದ್ದಾದರೂ ಸರಿ, ಅಜ್ಜಿಯ ಕಾಲದ ಹಳೆಯದಾದರೂ ಸರಿ. ಕಿಟಕಿಗೆ ದಪ್ಪ ಪರದೆ ಎಳೆಯಿರಿ. ಪಕ್ಕದ ಗೋಡೆಗೆ ತುಂಬಿದ ಪುಸ್ತಕದ ಕಪಾಟು ಇದ್ದರೆ ಬಹಳ ಒಳ್ಳೆಯದು.

ಪಕ್ಕದ ಗೋಡೆಯಲ್ಲಿ ಯಾವ ಜಾಗದಿಂದ ಶಬ್ದ ತಿರುಗಿ ಬರುತ್ತದೆ ಎಂದು ತಿಳಿಯುವುದು ಸುಲಭ. ನೀವು ನಡುವೆ ಕೂತಿರಿ, ಇನ್ನೊಬ್ಬರು ಗೋಡೆಗೆ ಕನ್ನಡಿ ಒತ್ತಿ ಹಿಡಿದು ನಿಧಾನವಾಗಿ ಸರಿಸಲಿ. ಕನ್ನಡಿಯಲ್ಲಿ ನಿಮಗೆ ಟ್ವೀಟರ್ ಎಲ್ಲಿ ಕಾಣುತ್ತದೆಯೋ ಅಲ್ಲೇ ಪರದೆ ಅಥವಾ ಕಪಾಟು ಬೇಕು. ಅತಿಥಿ ಕೂರುವ ಇತರ ಜಾಗಗಳಿಂದಲೂ ಇದನ್ನೇ ಮಾಡಿ.

ಮುಂದಿನ ಗಾಜಿನ ಟೀಪಾಯಿಯನ್ನು ಪಕ್ಕಕ್ಕೆ ಸರಿಸಿ, ಆಗದಿದ್ದರೆ ಮೇಲೊಂದು ದಪ್ಪ ಬಟ್ಟೆ ಹಾಸಿ. ಫ್ಯಾನನ್ನು ನಿಧಾನ ಮಾಡಿ. ಫ್ಯಾನಿನ ಸದ್ದಿನಲ್ಲಿ ಮೊದಲು ಮುಳುಗುವುದು ತಂಬೂರಿಯ ನಾದ, ಆಮೇಲೆ ಆಲಾಪನೆಯ ಮೆಲುದನಿಯ ಸಂಚಾರಗಳು.

ಪಕ್ಕದಲ್ಲಿ ಕೂತವರಿಗಾಗಿ

ನಡುವೆ ಕೂರದವರಿಗೆ ಹೆಚ್ಚು ಕೊಡಲು ಮೂರು ದಾರಿಗಳಿವೆ.

ಮೊದಲನೆಯದು, ಎಲ್ಲರೂ ಹಿಂದಕ್ಕೆ ಸರಿಯುವುದು. ಸ್ಪೀಕರುಗಳ ಅಂತರ 2 ಮೀಟರೇ ಇರಲಿ. ಅವುಗಳ ಸಾಲಿನಿಂದ 3 ಮೀಟರ್ ಹಿಂದೆ ಕೂತರೆ, ಅರ್ಧ ಮೀಟರ್ ಪಕ್ಕದಲ್ಲಿರುವವರಿಗೆ ಬರುವ ವ್ಯತ್ಯಾಸ 1.4 ಮಿಲಿಸೆಕೆಂಡಿನಿಂದ ಸುಮಾರು 0.9ಕ್ಕೆ ಇಳಿಯುತ್ತದೆ. ದನಿ ಪಕ್ಕಕ್ಕೆ ವಾಲಿದರೂ ಅಷ್ಟು ಒರಟಾಗಿ ಮೂಲೆ ಸೇರುವುದಿಲ್ಲ. ಇದಕ್ಕೆ ತೆರಬೇಕಾದ ಬೆಲೆಯೂ ಇದೆ. ಎಡಬಲಗಳ ಹರವು ಕಿರಿದಾಗುತ್ತದೆ, ಕೋಣೆಯ ಪ್ರತಿಧ್ವನಿಯ ಪಾಲು ಹೆಚ್ಚುತ್ತದೆ.

ಎರಡನೆಯದು, ಸ್ಪೀಕರುಗಳ ಮುಖವನ್ನು ಒಳಕ್ಕೆ ತಿರುಗಿಸುವುದು. ಎಡ ಸ್ಪೀಕರ್ ನೋಡುವ ಗೆರೆಯೂ ಬಲ ಸ್ಪೀಕರ್ ನೋಡುವ ಗೆರೆಯೂ ನಡುವಿನ ಕುರ್ಚಿಗಿಂತ ಅರ್ಧ ಮೀಟರಿನಷ್ಟು ಮುಂದೆಯೇ ಒಂದನ್ನೊಂದು ದಾಟಲಿ. ಆಗ ಎಡಗಡೆ ಕೂತವರಿಗೆ ಆಚೆಯ ಬಲ ಸ್ಪೀಕರ್ ಎದುರಾಗಿ ನೋಡುತ್ತದೆ, ಹತ್ತಿರದ ಎಡ ಸ್ಪೀಕರ್ ಮುಖ ತಿರುಗಿಸಿರುತ್ತದೆ. ಹೆಚ್ಚಿನ ಸ್ಪೀಕರುಗಳಲ್ಲಿ ಟ್ವೀಟರಿನ ದನಿ ಓರೆಯಲ್ಲಿ ಕೂತವರಿಗೆ ಕಡಿಮೆ ಮುಟ್ಟುತ್ತದೆ. ಹತ್ತಿರದ ಸ್ಪೀಕರ್ ಮೊದಲು ಬಂದು ಗೆದ್ದುಕೊಂಡದ್ದನ್ನು ದೂರದ ಸ್ಪೀಕರ್ ಜೋರಾಗಿ ಬಂದು ಸ್ವಲ್ಪ ತುಂಬಿಕೊಡುತ್ತದೆ. ತಕ್ಕಡಿಯ ಒಂದು ತಟ್ಟೆ ಕೆಳಗಿಳಿದಾಗ ಇನ್ನೊಂದಕ್ಕೆ ಚಿಕ್ಕ ಕಲ್ಲು ಹಾಕಿದಂತೆ. ನಡುವೆ ಕೂತವರಿಗೆ ತಾರ ಸ್ಥಾಯಿಯ ಹೊಳಪು ಒಂದಿಷ್ಟು ತಗ್ಗುತ್ತದೆ, ಆದರೆ ಮೂವರು ಕೂರುವ ಸೋಫಾಗೆ ಒಟ್ಟಾರೆ ಲಾಭವೇ.

ಮೂರನೆಯದು ನನಗೆ ತುಂಬ ಇಷ್ಟವಾದದ್ದು, ಒಂದು ಪೈಸೆಯ ಖರ್ಚೂ ಇಲ್ಲದ್ದು. ಅಡ್ಡಸಾಲಿನ ಬದಲು ಉದ್ದಸಾಲಿನಲ್ಲಿ ಕೂರಿ. ನಡುವಿನ ಕುರ್ಚಿಯ ನೇರ ಹಿಂದೆ ಇನ್ನೊಂದು ಕುರ್ಚಿ ಇಟ್ಟರೆ ಅದೂ ಎರಡು ಸ್ಪೀಕರುಗಳಿಗೆ ಸಮದೂರದಲ್ಲೇ ಇರುತ್ತದೆ. ಅಲ್ಲಿಯೂ ಗಾಯಕಿ ನಡುವೆಯೇ ಇರುತ್ತಾಳೆ. ಮುಂದಿನವರು ತಗ್ಗಾದ ಮಣೆ ಅಥವಾ ದಿಂಬಿನ ಮೇಲೆ, ಹಿಂದಿನವರು ಎತ್ತರದ ಕುರ್ಚಿಯಲ್ಲಿ ಕೂತರೆ ತಲೆ ಅಡ್ಡ ಬರುವುದಿಲ್ಲ. ಇಬ್ಬರು ಅತಿಥಿಗಳಿದ್ದಾಗ ಇದಕ್ಕಿಂತ ಒಳ್ಳೆಯ ವ್ಯವಸ್ಥೆ ಇಲ್ಲ. ಒಬ್ಬರೇ ಬಂದಾಗ ಅವರನ್ನು ಮುಂದೆ ಕೂರಿಸಿ ನೀವು ಹಿಂದೆ ಕೂತರೆ ಇಬ್ಬರೂ ಹೆಚ್ಚುಕಡಿಮೆ ಒಂದೇ ಸಂಗೀತ ಕೇಳುತ್ತೀರಿ.

ಸರದಿಯ ರೀತಿ

ಈಗ ಆ ಕುರ್ಚಿಯನ್ನು ಕೊಡುವ ಬಗೆ. ಗಡಿಯಾರ ನೋಡಿ ಎಬ್ಬಿಸಬೇಡಿ. ಒಂದು ಕೃತಿ, ಒಂದು ವಚನ, ಒಂದು ಭಾವಗೀತೆ ಮುಗಿಯುವುದೇ ಸರದಿಯ ಕೊನೆ. ಆಲಾಪನೆಯ ನಡುವೆ ಎದ್ದರೆ ಎದ್ದವರಿಗೂ ನಷ್ಟ, ಬಂದು ಕೂತವರಿಗೂ ನಷ್ಟ. ಹಿರಿಯರಿಗೆ ಮೊದಲು ಕೊಡುವುದು ನಮ್ಮ ರೂಢಿ, ಅದು ಹಾಗೇ ಇರಲಿ. “ಅಜ್ಜಾ, ಇಲ್ಲಿ ಬನ್ನಿ, ಇಲ್ಲಿ ಚೆನ್ನಾಗಿ ಕೇಳುತ್ತೆ” ಎಂದರೆ ಸಾಕು, ವಿವರಣೆ ಬೇಡ. ಮಕ್ಕಳನ್ನು ಬಿಡಬೇಡಿ. ಸ್ಪೀಕರೇ ಇಲ್ಲದ ಕಡೆಯಿಂದ ದನಿ ಬರುವುದನ್ನು ಮಗುವೊಂದು ಮೊದಲ ಸಲ ಕೇಳುವುದು ಆ ಸಂಜೆಯ ದೊಡ್ಡ ಸಂತೋಷಗಳಲ್ಲಿ ಒಂದು. ಮಗು ಗಿಡ್ಡವಾದ್ದರಿಂದ ಕೆಳಗೆ ಒಂದು ದಿಂಬು ಹಾಕಿ, ಕಿವಿ ಟ್ವೀಟರಿನ ಮಟ್ಟಕ್ಕೆ ಬರಲಿ.

ಅತಿಥಿಗೆ ಗೊತ್ತಿರುವ ಹಾಡನ್ನೇ ಹಾಕಿ. ವರ್ಷಗಳಿಂದ ಕೇಳಿದ ಹಾಡಿನಲ್ಲಿ ಹೊಸದೇನು ತೆರೆದುಕೊಂಡಿತು ಎಂಬುದು ಅವರಿಗೆ ತಾನಾಗಿ ತಿಳಿಯುತ್ತದೆ. ಅವರು ಕೇಳುತ್ತಿರುವಾಗ ಮುಖ ನೋಡುತ್ತಾ “ಹೇಗಿದೆ, ಹೇಗಿದೆ” ಎನ್ನಬೇಡಿ. ಎಲ್ಲಿ ಏನು ಕೇಳಬೇಕೆಂದು ಹೇಳಿಕೊಡಲೂ ಬೇಡಿ. ಶಬ್ದದ ಮಟ್ಟವನ್ನು ಅವರಿಗೆ ಹಿತವೆನ್ನಿಸುವಷ್ಟು ಇಡಿ. ಜೋರು ಮಾಡಿದರೆ ಸ್ಟೀರಿಯೊ ಹೆಚ್ಚುವುದಿಲ್ಲ, ಗೋಡೆಗಳ ಗದ್ದಲ ಹೆಚ್ಚುತ್ತದೆ.

ಯಾವ ಹಾಡಿಗೆ ಯಾವ ಕೂಟ?

ನಡುವಿನ ಕುರ್ಚಿ ಎಲ್ಲ ಧ್ವನಿಮುದ್ರಣಕ್ಕೂ ಒಂದೇ ರೀತಿ ಮುಖ್ಯವಲ್ಲ. ಸ್ಟೀರಿಯೊದಲ್ಲಿ ಎಚ್ಚರಿಕೆಯಿಂದ ಮುದ್ರಿಸಿದ ಕರ್ನಾಟಕ ಸಂಗೀತದ ಕಚೇರಿಯಲ್ಲಿ ಗಾಯಕರು ನಡುವೆ, ಒಂದು ಪಕ್ಕ ಪಿಟೀಲು, ಇನ್ನೊಂದು ಪಕ್ಕ ಮೃದಂಗ, ಹಿಂದೆ ತಂಬೂರಿ ಹರಡಿಕೊಂಡಿರುವುದುಂಟು. ಪಿಟೀಲಿನ ಪಕ್ಕಕ್ಕೆ ಕೂತವರಿಗೆ ಗಾಯಕರ ದನಿ ಪಿಟೀಲಿನ ಮೇಲೆಯೇ ಬಂದು ಕೂರುತ್ತದೆ. ಹಾಡಿಗೆ ಪಿಟೀಲು ಕೊಡುವ ಉತ್ತರ ಬೇರೆ ದಿಕ್ಕಿನಿಂದ ಬರುವ ಸೊಗಸು ಅವರಿಗೆ ತಪ್ಪುತ್ತದೆ. ಇಂಥ ಮುದ್ರಣವನ್ನು ಇಬ್ಬರು ಮೂವರು ಇರುವ ದಿನ, ಸರದಿಯಲ್ಲಿ ಕೇಳಿ.

ಪಿ.ಬಿ. ಶ್ರೀನಿವಾಸ್ ಹಾಡಿದ 1960ರ ದಶಕದ ಚಿತ್ರಗೀತೆಗಳು, ಮಲ್ಲಿಕಾರ್ಜುನ ಮನ್ಸೂರರ 78 ಆರ್‌ಪಿಎಂ ತಟ್ಟೆಗಳು ಮುದ್ರಣವಾದದ್ದು ಮೋನೊದಲ್ಲಿ, ಅಂದರೆ ಒಂದೇ ವಾಹಿನಿಯಲ್ಲಿ. ಎರಡೂ ಸ್ಪೀಕರುಗಳಲ್ಲಿ ಬರುವುದು ಒಂದೇ. ಯಾವ ಮೂಲೆಯಲ್ಲಿ ಕೂತವರಿಗೂ ಅದರಲ್ಲಿ ಒಂದು ವಾದ್ಯವೂ ಕಳೆದುಹೋಗುವುದಿಲ್ಲ. ಮನೆ ತುಂಬ ಜನ ಬಂದ ದಿನ, ಊಟದ ಎಲೆಯ ಮುಂದೆ, ಹಬ್ಬದ ಸಂಜೆ ಇವುಗಳನ್ನೇ ಹಾಕಿ. ಆ ದಿನ ಒಳ್ಳೆಯ ಕುರ್ಚಿಯ ಪ್ರಶ್ನೆಯೇ ಏಳುವುದಿಲ್ಲ.

ವಿಶೇಷ ಗಮನ ಬೇಕಾದವರು

ಒಂದು ಕಿವಿ ಮಾತ್ರ ಕೇಳುವವರಿಗೆ ಎರಡು ಸ್ಪೀಕರುಗಳ ನಡುವಿನ ಆ ಚಿತ್ರ ಎರಡು ಕಿವಿಯೂ ಕೇಳುವವರಿಗೆ ಮೂಡುವಂತೆ ಮೂಡುವುದಿಲ್ಲ. ಅವರನ್ನು ನಡುವೆ ಕೂರುವಂತೆ ಒತ್ತಾಯಿಸಬೇಡಿ. ಆಂಪ್ಲಿಫೈಯರಿನಲ್ಲಿ ಮೋನೊ ಸ್ವಿಚ್ ಇದ್ದರೆ ಒತ್ತಿ, ಅವರು ತಮಗೆ ಹಿತವಾದ ಕಡೆ, ಕೇಳುವ ಕಿವಿಯನ್ನು ಸ್ಪೀಕರಿನತ್ತ ಮಾಡಿ ಕೂರಲಿ. ಇಡೀ ಸಂಗೀತ ಅವರಿಗೆ ಮುಟ್ಟುತ್ತದೆ.

ಮೊಣಕಾಲು ನೋವಿನಿಂದ ದಿವಾನ ಬಿಟ್ಟು ಏಳಲಾರದ ಹಿರಿಯರು ಇದ್ದರೆ ಕುರ್ಚಿಯನ್ನೇ ಅವರ ಬಳಿಗೆ ಒಯ್ಯುವ ಉಪಾಯ ಇದೆ. ಹೋಮ್ ಥಿಯೇಟರ್ ರಿಸೀವರುಗಳ ಮೆನುವಿನಲ್ಲಿ ಪ್ರತಿ ಸ್ಪೀಕರಿನ ದೂರವನ್ನು ನಮೂದಿಸುವ ಜಾಗವಿರುತ್ತದೆ. ದಿವಾನದಿಂದ ಎರಡೂ ಸ್ಪೀಕರುಗಳಿಗೆ ಇರುವ ದೂರ ಅಳೆದು ಬರೆದರೆ ಯಂತ್ರ ಹತ್ತಿರದ ಸ್ಪೀಕರನ್ನು ಅಷ್ಟು ಮಿಲಿಸೆಕೆಂಡ್ ತಡೆದು ನುಡಿಸುತ್ತದೆ. ಕೆಲವು ಕಾರ್ ಸ್ಟೀರಿಯೊಗಳಲ್ಲಿ ಡ್ರೈವರ್ ಸೀಟಿಗಾಗಿ ಮಾಡಿರುವ ಏರ್ಪಾಡೂ ಇದೇ. ಬರೀ ಬ್ಯಾಲೆನ್ಸ್ ನಾಬ್ ತಿರುಗಿಸಿದರೆ ಮಟ್ಟ ಸರಿಹೋಗುತ್ತದೆ, ಸಮಯ ಸರಿಹೋಗುವುದಿಲ್ಲ. ಆದರೂ ಅಷ್ಟರಿಂದಲೇ ಸಾಕಷ್ಟು ಉಪಕಾರವಾಗುತ್ತದೆ.

ಇಂಥ ರಿಸೀವರ್ ಇರುವವರು ನಡುವೆ ಮೂರನೆಯ ಸ್ಪೀಕರ್ ಇಟ್ಟು ಸ್ಟೀರಿಯೊ ಹಾಡನ್ನು ಮೂರಕ್ಕೂ ಹಂಚಿ ಕೇಳಬಹುದು. ಬದಿಯಲ್ಲಿ ಕೂತವರಿಗೆ ದನಿ ನಡುವೆ ನಿಲ್ಲುತ್ತದೆ. ನಡುವಿನ ಕುರ್ಚಿಯ ಹರವು ಕೊಂಚ ಕಡಿಮೆಯಾಗಬಹುದು. ಮನೆಯಲ್ಲಿ ಯಾವಾಗಲೂ ನಾಲ್ಕೈದು ಜನ ಒಟ್ಟಿಗೆ ಕೇಳುವವರಿಗೆ ಇದು ಸರಿಯಾದ ಆಯ್ಕೆ.

ಅತಿಥಿ ಬರುವ ಮುನ್ನ

ಕೊನೆಯ ಅಭ್ಯಾಸ ಒಂದನ್ನು ಹೇಳುತ್ತೇನೆ. ಸ್ನೇಹಿತರು ಬರುವ ಮುಂಚೆ ಅವರು ಕೂರುವ ಒಂದೊಂದು ಜಾಗದಲ್ಲೂ ನೀವೇ ಕೂತು ಅರ್ಧ ಹಾಡು ಕೇಳಿ. ಸೋಫಾದ ತುದಿ, ದಿವಾನ, ಬಾಗಿಲ ಬಳಿಯ ಬೆತ್ತದ ಕುರ್ಚಿ, ಯಾವುದನ್ನೂ ಬಿಡಬೇಡಿ. ಎಲ್ಲಿ ಮಂದ್ರ ಗುಂಯ್‌ಗುಡುತ್ತದೆ, ಎಲ್ಲಿ ಸಾಹಿತ್ಯ ಅಸ್ಪಷ್ಟವಾಗುತ್ತದೆ, ಎಲ್ಲಿ ಒಂದೇ ಸ್ಪೀಕರ್ ಕೇಳುತ್ತದೆ ಎಂದು ಗುರುತು ಹಾಕಿಕೊಳ್ಳಿ. ಬೆತ್ತದ ಕುರ್ಚಿಯನ್ನು ಒಂದು ಮೊಳ ಒಳಕ್ಕೆ ಎಳೆದರೆ, ಸ್ಪೀಕರನ್ನು ಕೊಂಚ ತಿರುಗಿಸಿದರೆ ಅರ್ಧ ತೊಂದರೆ ನಿವಾರಣೆಯಾಗುತ್ತದೆ. ಉಳಿದರ್ಧಕ್ಕೆ ಸರದಿ ಇದೆ. ಎಲ್ಲಕ್ಕಿಂತ ಕೆಟ್ಟದಾಗಿ ಕೇಳುವ ಜಾಗ ಯಾವುದೆಂದು ಈ ಸುತ್ತಿನಲ್ಲಿ ನಿಮಗೆ ಖಚಿತವಾಗಿ ಗೊತ್ತಾಗುತ್ತದೆ. ಸಂಜೆ ಅಲ್ಲಿ ನೀವು ಕೂರಿ. ನಿಮಗೆ ನಾಳೆಯೂ ನಡುವಿನ ಕುರ್ಚಿ ಸಿಗುತ್ತದೆ, ಅವರಿಗೆ ಇರುವುದು ಈ ಒಂದು ಸಂಜೆ.